ಕ್ರೇನಣ್ಣನ ಹೆಬ್ಬೆರಳಿಗೊಂದು ರೀಲು

ಹೋದ ತಿಂಗಳು ಠಾಣೆಯಿಂದ ಐರೋಲಿಗೆ ಬರುವ ಗಾಡಿಯಲ್ಲಿ ಎದುರು ಸೀಟಿನ ಹುಡುಗಿಯೊಬ್ಬಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಗಾಡಿ ಕುಲುಕುತ್ತಿತ್ತು. ಆದರೂ ಬಣ್ಣ ಉಗುರಿನ ಗೆರೆ ದಾಟಲಿಲ್ಲ. ಅಂಥ ಕೈಯನ್ನು ನಾನು ಮೆಚ್ಚುತ್ತೇನೆ. ಮೆಚ್ಚಿ ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಆ ವಾಸನೆ ಬಂತು. ಹಣ್ಣಾಗಿ ಕಪ್ಪಾದ ಬಾಳೆಹಣ್ಣಿನಂಥ ಸಿಹಿ, ಅದರ ಬೆನ್ನಿಗೇ ಮೂಗು ಸುಡುವ ಖಾರ. ಒಂಬತ್ತು ವರ್ಷಗಳ ಹಿಂದೆ ಇದೇ ಕೆಂಪು ಬಣ್ಣದ ಒಂದೇ ಒಂದು ಹನಿಯನ್ನು ನಾನು ಒಂದು ವಸ್ತುವಿನ ಮೇಲೆ ಇಟ್ಟಿದ್ದೆ. ಇಳಿಯಬೇಕಾದ ನಿಲ್ದಾಣ ಬಂದದ್ದು ಗೊತ್ತಾಗದೆ ರಬಾಳೆಯವರೆಗೆ ಹೋದೆ. ನನಗೆ ಹೀಗಾಗುವುದಿಲ್ಲ.

ರಬಾಳೆಯ ಆಚೆಯ ಒಂದು ಕಾರ್ಖಾನೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಉಡುಪಿ ಕಡೆಯಿಂದ ಬಂದ ನನ್ನನ್ನು ಠಾಣೆಯಲ್ಲಿ ಸೋದರಮಾವ ತನ್ನ ಹೋಟೆಲಿನಲ್ಲಿಟ್ಟುಕೊಂಡು ಓದಿಸಿದರು. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ನಾಲ್ಕೂವರೆಗೆ ಹಿಟ್ಟಿನ ಪಾತ್ರೆ ನೋಡುವುದು, ಐದಕ್ಕೆ ಸ್ನಾನ ಮುಗಿಸಿರುವುದು. ಅಲ್ಲಿ ಕಲಿತ ಶಿಸ್ತಿನ ಬಲದಿಂದಲೇ ಮಾಪನ ಕೊಠಡಿಯ ಕೆಲಸ ಸಿಕ್ಕಿತು ಅಂದುಕೊಂಡಿದ್ದೇನೆ. ಕಾರ್ಖಾನೆಯ ಎಲ್ಲ ಅಳತೆಯ ಉಪಕರಣಗಳೂ ನಮ್ಮಲ್ಲಿಗೆ ಬರಬೇಕು. ನಾವು ಸರಿ ಎಂದರೆ ಸರಿ, ತಪ್ಪು ಎಂದರೆ ತಪ್ಪು. ಒಂದು ಉಪಕರಣವನ್ನು ಸರಿಯಾದ ಅಳತೆಗೆ ಹೊಂದಿಸಿದ ಮೇಲೆ ಅದರ ತಿರುಪಿನ ತಲೆಯ ಮೇಲೆ ಒಂದು ಹನಿ ಕೆಂಪು ಅರಗು ಹಾಕುತ್ತಿದ್ದೆವು. ಆಮೇಲೆ ಯಾರಾದರೂ ತಿರುಗಿಸಿದರೆ ಹನಿ ಬಿರುಕು ಬಿಟ್ಟು ಅವರ ಗುಟ್ಟು ಹೇಳುತ್ತದೆ. ಸ್ಟೋರಿನಲ್ಲಿ ಅರಗು ಮುಗಿದಾಗ ಉಗುರುಬಣ್ಣವೇ ಸಾಕಾಗುತ್ತಿತ್ತು. ನನ್ನ ಮೇಜಿನ ಮೇಲೆ ಸದಾ ಒಂದು ಸೀಸೆ ಇರುತ್ತಿತ್ತು.

ಕ್ರೇನಣ್ಣ ಅದೇ ಕಾರ್ಖಾನೆಯವನು. ಕಲಬುರಗಿ ಕಡೆಯ ಊರಿನಿಂದ ಹಮಾಲಿ ಕೆಲಸಕ್ಕೆ ಬಂದು, ಲಾರಿ ತುಂಬುತ್ತ, ಕ್ರೇನಿಗೆ ಸರಪಳಿ ಬಿಗಿಯುತ್ತ, ಕೆಲಸದ ಹದಿನಾಲ್ಕನೆಯ ವರ್ಷಕ್ಕೆ ಕ್ರೇನನ್ನೇ ನಡೆಸತೊಡಗಿದ. ನನಗಿಂತ ಆರು ವರ್ಷ ಚಿಕ್ಕವನು. ಆದರೂ ಎಲ್ಲರ ಹಾಗೆ ನಾನೂ ಅವನನ್ನು ಕ್ರೇನಣ್ಣ ಎಂದೇ ಕರೆಯುತ್ತಿದ್ದೆ. ನಮ್ಮ ಕ್ರೇನು ಶೆಡ್ಡಿನ ಮಾಡಿನ ಕೆಳಗೆ ಹಳಿಯ ಮೇಲೆ ಓಡುವಂಥದ್ದು. ನಡೆಸುವವನು ನೆಲದ ಮೇಲೆ ನಿಂತು, ಮೇಲಿನಿಂದ ಇಳಿಬಿದ್ದ ಗುಂಡಿಗಳ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದಿರುತ್ತಾನೆ. ಗುಂಡಿಯನ್ನು ಹೆಬ್ಬೆರಳಿನಿಂದ ಅರ್ಧ ಒತ್ತಿದರೆ ಭಾರ ಕೂದಲೆಳೆಯಷ್ಟು ನಿಧಾನವಾಗಿ ಇಳಿಯುತ್ತದೆ, ಪೂರ್ತಿ ಒತ್ತಿದರೆ ಧಡಕ್ಕನೆ. ಆ ಅರ್ಧ ಎಲ್ಲಿ ಮುಗಿಯುತ್ತದೆ, ಪೂರ್ತಿ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಅವನ ಹೆಬ್ಬೆರಳು ಅದನ್ನು ಮರೆತಿತ್ತು. ತಂತಿಹಗ್ಗದ ಮುರಿದ ಎಳೆಯೊಂದು ಕೈಗವಸು ದಾಟಿ ಬಲ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಗಾಯ ಮಾಯ್ದಿತ್ತು, ಬೆರಳು ಮಡಚುತ್ತಿತ್ತು, ಆದರೆ ತುದಿಯ ಮೆತ್ತೆಯಲ್ಲಿ ಸ್ಪರ್ಶವಿರಲಿಲ್ಲ. ಕ್ಯಾಂಟೀನಿನಲ್ಲಿ ಬಿಸಿ ಚಹಾದ ಲೋಟ ಹಿಡಿದರೆ ಉಳಿದ ಬೆರಳುಗಳಿಗೆ ಸುಟ್ಟ ಮೇಲೆಯೇ ಕೆಳಗಿಡುತ್ತಿದ್ದ. ಮೂರು ತಿಂಗಳು ಅವನಿಗೆ ಕಸ ಗುಡಿಸುವ, ಚೀಟಿ ಒಯ್ಯುವ ಕೆಲಸ. ಅದು ಮುಗಿದ ಮೇಲೆ ಒಂದು ಪರೀಕ್ಷೆ. ಒಂದೇ ಸಲ. ಪಾಸಾದರೆ ಕ್ರೇನು ಮತ್ತೆ ಅವನದು. ಇಲ್ಲದಿದ್ದರೆ ಇನ್ನೆಂದೂ ಆ ಪೆಟ್ಟಿಗೆ ಮುಟ್ಟುವಂತಿಲ್ಲ, ನಿವೃತ್ತಿಯವರೆಗೆ ಗೇಟಿನ ಬಳಿ ಕುರ್ಚಿ.

ಪರೀಕ್ಷೆಗೆ ಇನ್ನೂ ಐದು ವಾರ ಇದ್ದಾಗ ಅವನು ಮಾಪನ ಕೊಠಡಿಯ ಬಾಗಿಲಲ್ಲಿ ನಿಂತ. ಒಳಗೆ ಬರುವ ಮುಂಚೆ ಚಪ್ಪಲಿ ಬಿಟ್ಟ. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ.

“ಸರ, ಒಂದು ಗಾಲಿ ನೋಡಿ ಹೇಳ್ಬೇಕಿತ್ರಿ. ಅದರ ಕಿಮ್ಮತ್ತಿಗಿ ತಕ್ಕಂಗ ಅದನೋ ಇಲ್ಲೋ ಅಂತ.”

“ಎಂತ ಗಾಲಿ?”

“ಮೀನ ಹಿಡಿಯೋದ್ರಿ. ಬೇಟ್‌ಕಾಸ್ಟಿಂಗ್ ರೀಲ್ ಅಂತಾರ.”

“ನಾನು ಮೀನು ತಿನ್ನುವವನಲ್ಲ ಮಾರಾಯ.”

“ತಿನ್ನಲಕ್ಕ ಹೇಳಿಲ್ರಿ ಸರ, ಅಳೀಲಕ್ಕ ಹೇಳೀನಿ.”

ಆಮೇಲೆ ವಿಷಯ ಹೇಳಿದ. ಡಾಕ್ಟರು ಬೆರಳಿಗೆ ಕೆಲಸ ಕೊಡು, ಸ್ಪರ್ಶ ಬಂದರೂ ಬರಬಹುದು ಎಂದು ರಬ್ಬರ್ ಚೆಂಡು ಕೊಟ್ಟಿದ್ದರಂತೆ. ಚೆಂಡು ಹಿಸುಕಿ ಹಿಸುಕಿ ಅವನಿಗೆ ಬೇಸರ ಬಂದಿತ್ತು. ಐರೋಲಿಯಲ್ಲಿ ಸಮುದ್ರದ ಹಿನ್ನೀರು ಒಳಗೆ ಬರುವ ಖಾಡಿಯ ದಂಡೆಯಲ್ಲಿ ಒಬ್ಬ ಗಾಳ ಎಸೆಯುವುದನ್ನು ನೋಡಿದನಂತೆ. ಈ ಜಾತಿಯ ರೀಲು ಕೋಲಿನ ಮೇಲೆ ಕೂರುತ್ತದೆ. ಎಸೆದಾಗ ದಾರದ ಉರುಳೆಯೇ ಗಿರ್ರನೆ ತಿರುಗುತ್ತದೆ. ಗಾಳ ನೀರಿಗೆ ಬಿದ್ದು ನಿಂತರೂ ಉರುಳೆ ನಿಲ್ಲದಿದ್ದರೆ ದಾರವೆಲ್ಲ ಕಾಗೆಗೂಡಿನ ಹಾಗೆ ಗಂಟಾಗುತ್ತದೆ. ಅದಕ್ಕೆ ಹೆಬ್ಬೆರಳನ್ನು ಉರುಳೆಯ ಮೇಲೆ ಸವರುವಂತೆ ಇಟ್ಟಿರಬೇಕು. ಹಗುರ ಮುಟ್ಟಿದರೆ ನಿಧಾನ, ಒತ್ತಿದರೆ ನಿಲುಗಡೆ.

“ನನ್ನ ಕ್ರೇನಿನ ಗುಂಡಿ ಇದ್ದಂಗೇ ಅದ ಸರ,” ಎಂದ. ಅವನ ಮುಖದಲ್ಲಿ ಗಾಯವಾದಾಗಿನಿಂದ ಇಲ್ಲದ ಬೆಳಕಿತ್ತು.

ಶನಿವಾರ ಇಬ್ಬರೂ ಠಾಣೆಗೆ ಹೋದೆವು. ಕೆರೆಯ ಹಿಂದಿನ ಗಲ್ಲಿಯಲ್ಲಿ ಮೀನುಗಾಳದ ಅಂಗಡಿ. ಮಾಲೀಕ ಎರಡು ರೀಲು ಮುಂದಿಟ್ಟ. ಒಂದು ಜಪಾನಿನದು. ಅದರ ಬೆಲೆ ಕ್ರೇನಣ್ಣನ ಅರ್ಧ ಸಂಬಳಕ್ಕಿಂತ ಹೆಚ್ಚು. ಇನ್ನೊಂದು ಅದರ ಕಾಲು ಭಾಗಕ್ಕೆ ಬರುವಂಥದ್ದು. “ಕಾಕಾ, ದೋನೊ ಲೇ ಜಾವ್, ಪಾಂಚ್ ದಿನ್ ದೇಖೋ,” ಎಂದ ಮಾಲೀಕ. ಎರಡನ್ನೂ ಒಯ್ದು ಐದು ದಿನ ನೋಡಲು ಷರತ್ತು ಎರಡೇ. ದಾರ ಸುತ್ತಬಾರದು, ನೀರು ತಾಗಿಸಬಾರದು.

ಎರಡನ್ನೂ ನಾನು ಮನೆಯ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟೆ. “ಗಾಲಿ ಬಂತು. ಇನ್ನು ಬಂಗುಡೆ ಮೀನು ಬರುವುದೊಂದು ಬಾಕಿ,” ಎಂದು ಹೆಂಡತಿ ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ದಿನಾ ಬೆಳಿಗ್ಗೆ ಐದರಿಂದ ಆರರವರೆಗೆ ನಾನು ಅವನ್ನು ಪರೀಕ್ಷಿಸಿದೆ. ಹಿಡಿಯ ಅಲುಗಾಟ ನೋಡಿದೆ. ಉರುಳೆಗೆ ಸೀಮೆಸುಣ್ಣದ ಗುರುತು ಹಾಕಿ ಹಿಡಿಯ ಒಂದು ಸುತ್ತಿಗೆ ಉರುಳೆ ಎಷ್ಟು ಸುತ್ತುತ್ತದೆ ಎಂದು ಎಣಿಸಿದೆ. ಎರಡರಲ್ಲೂ ಏಳು ಚಿಲ್ಲರೆ, ಪೆಟ್ಟಿಗೆಯ ಮೇಲೆ ಬರೆದಷ್ಟೇ. ಪಕ್ಕದ ಮುಚ್ಚಳ ತೆಗೆದು ಒಳಗಿನ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಜಪಾನಿನದರ ಹಲ್ಲು ಸ್ವಲ್ಪ ನಯ. ಚೌಕಟ್ಟು ಅಪ್ಪಟ ಅಲ್ಯೂಮಿನಿಯಂ, ಹಿಂಡಿದರೆ ಬಾಗದು. ಅಗ್ಗದ್ದು ಬಲವಾಗಿ ಹಿಂಡಿದರೆ ಕೂದಲಷ್ಟು ಬಾಗುತ್ತಿತ್ತು, ಆದರೆ ಕಿಲೋ ಎರಡು ಕಿಲೋ ಮೀನಿಗೆ ಅದು ಲೆಕ್ಕಕ್ಕಿಲ್ಲ. ಬೇರಿಂಗುಗಳ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಅದು ಅಂಗಡಿಯ ಮಾತು. ಎಷ್ಟಿವೆ ಎನ್ನುವುದಕ್ಕಿಂತ ಉರುಳೆಯ ಎರಡು ಬದಿಯ ಬೇರಿಂಗ್ ಹೇಗಿವೆ ಎನ್ನುವುದು ಮುಖ್ಯ.

ದೊಡ್ಡ ವ್ಯತ್ಯಾಸ ಉರುಳೆಯಲ್ಲಿತ್ತು. ಜಪಾನಿನದು ಹಪ್ಪಳದಷ್ಟು ಹಗುರ. ಬೆರಳಿನಿಂದ ತಟ್ಟಿದರೆ ನಿಲ್ಲದೆ ತಿರುಗುತ್ತಲೇ ಇರುತ್ತಿತ್ತು. ಅದರ ಬ್ರೇಕನ್ನು ಒಳಗಿಂದ ಪೂರ್ತಿ ತೆಗೆದುಬಿಡಬಹುದಾಗಿತ್ತು. ಅಗ್ಗದ್ದರಲ್ಲಿ ಬದಿಗೆ ಸೊನ್ನೆಯಿಂದ ಹತ್ತರವರೆಗಿನ ಚಕ್ರ. ಹತ್ತಕ್ಕೆ ಇಟ್ಟರೆ ಒಳಗಿನ ಅಯಸ್ಕಾಂತಗಳು ಉರುಳೆಯನ್ನು ಹಿಡಿದು ತಾವಾಗಿಯೇ ನಿಲ್ಲಿಸುತ್ತಿದ್ದವು. ನನಗೆ ಅದು ತುಂಬ ಹಿಡಿಸಿತು. ಕಾರ್ಖಾನೆಯಲ್ಲಿ ಬೆಳೆದ ಬುದ್ಧಿ. ಪ್ರತಿ ಯಂತ್ರಕ್ಕೂ ಒಂದು ಕಾವಲು ಇರಬೇಕು, ಕಾವಲಿಲ್ಲದ ಯಂತ್ರ ಒಳ್ಳೆಯ ಯಂತ್ರವಲ್ಲ.

ಎರಡು ಕಾಲಂ ಹಾಕಿ ವರದಿ ಬರೆದೆ. ಕೆಳಗೆ ತೀರ್ಪು: ಜಪಾನಿನ ರೀಲು ಉತ್ತಮ, ಆದರೆ ಬೆಲೆಗೆ ತಕ್ಕದ್ದಲ್ಲ. ನಾಲ್ಕು ಪಟ್ಟು ಬೆಲೆಗೆ ನಾಲ್ಕು ಪಟ್ಟು ಕೆಲಸವಿಲ್ಲ.

ಕ್ರೇನಣ್ಣ ಅದನ್ನು ಎರಡು ಸಲ ಓದಿದ. ಜಪಾನಿನ ರೀಲನ್ನು ಎಡಗೈಯಲ್ಲಿ ಹಿಡಿದು ಬಲ ಹೆಬ್ಬೆರಳಿನಿಂದ ಉರುಳೆಯನ್ನು ಸವರುತ್ತ ಕೂತಿದ್ದ. ಏನೋ ಹೇಳಬೇಕೆಂದಿದ್ದನೋ ಏನೋ... ಕೊನೆಗೆ “ನೀವು ಬರದೀರಂದ್ರ ಮುಗೀತ್ರಿ,” ಎಂದು ಅಗ್ಗದ್ದನ್ನು ಎತ್ತಿಕೊಂಡ. ಅಂದು ಬುಧವಾರ. ಪರೀಕ್ಷೆಗೆ ಇಪ್ಪತ್ತೆಂಟು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಖಾಡಿಯ ದಂಡೆ. ಆಗ ಅವನು ಐರೋಲಿ ಹಳ್ಳಿಯ ಒಂದು ಚಾಳಿನ ಒಂಟಿ ಕೋಣೆಯಲ್ಲಿದ್ದ, ನಾನು ಸೆಕ್ಟರಿನ ಫ್ಲ್ಯಾಟಿನಲ್ಲಿ. ಇಬ್ಬರಿಗೂ ಹತ್ತು ನಿಮಿಷದ ನಡಿಗೆ. ಇಳಿತದ ಹೊತ್ತು, ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಸರಿನ ಗಬ್ಬು. ಗಾಳ ಕಟ್ಟಿರಲಿಲ್ಲ. ದಾರದ ತುದಿಗೆ ಸೀಸದ ಗುಂಡು. ನೀರಿನಲ್ಲಿ ನೆಟ್ಟಿದ್ದ ಒಂದು ಗೂಟದ ಪಕ್ಕಕ್ಕೆ ಅದನ್ನು ಬೀಳಿಸುವುದು ಅಭ್ಯಾಸ. ಮೊದಲ ಎಸೆತಕ್ಕೇ ದಾರ ಗೂಡು ಕಟ್ಟಿತು. ಎರಡನೆಯದಕ್ಕೂ ಅಷ್ಟೇ. ಬಿಡಿಸಲು ಅರ್ಧ ಗಂಟೆ ಹೋಯಿತು. ನಾನು ಚಕ್ರವನ್ನು ಹತ್ತಕ್ಕೆ ತಿರುಗಿಸಿದೆ. ಮೂರನೆಯ ಎಸೆತ ಚೊಕ್ಕವಾಗಿ ಹೋಯಿತು. ಅವನು ನನ್ನನ್ನು ನೋಡಿ ನಕ್ಕ.

ಆ ಸಂಜೆ ಮಾಪನ ಕೊಠಡಿಯ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಅವನ ಚಾಳಿಗೆ ಹೋದೆ. ಹತ್ತರ ಮೇಲೆ ನಿಂತ ಚಕ್ರದ ಅಂಚಿಗೆ ಒಂದು ಹನಿ ಕೆಂಪು ಇಟ್ಟೆ. “ಇನ್ನು ಇದನ್ನು ಮುಟ್ಟಬೇಡ. ಸರಿಯಾದ ಜಾಗದಲ್ಲಿ ಕೂತಿದೆ,” ಎಂದೆ. ಅವನ ಹೆಂಡತಿ ನೋಡಿ ನಕ್ಕಳು. “ನನಗ ಒಂದಿನ ಉಗುರಿಗಿ ತಂದುಕೊಟ್ಟಿಲ್ಲ, ಗಾಲಿಗಿ ಹಚ್ಚಿಸ್ಕೊಂಡು ಕುಂತಾನ ನೋಡ್ರಿ!”

ಆಮೇಲೆ ದಿನಾ ಅದೇ ವೇಳೆ. ಒಂದು ತಾಸು ಎಸೆತ, ಏಳಕ್ಕೆ ಮನೆ, ಏಳೂವರೆಗೆ ಕಾರ್ಖಾನೆಯ ಬಸ್ಸು. ಗೂಡು ಕಟ್ಟುವುದು ನಿಂತೇಹೋಯಿತು. ಮೊದಲ ವಾರ ಗೂಟದಿಂದ ಎರಡು ಮಾರು ದೂರ ಬೀಳುತ್ತಿದ್ದ ಗುಂಡು, ಮೂರನೆಯ ವಾರ ಒಂದು ಮೊಳಕ್ಕೆ ಬಂತು. ನಾನು ಪುಸ್ತಕದಲ್ಲಿ ದಿನದಿನದ ಅಂತರ ಬರೆದಿಟ್ಟೆ. ಅಂಕಿಗಳು ಒಂದೇ ಸಮನೆ ಇಳಿಯುತ್ತಿದ್ದವು. ಒಂದು ದಿನ ಅವನು ಎಸೆದು, ಹೆಬ್ಬೆರಳನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡು ಹೇಳಿದ, “ಬರ್ಲಕತ್ತದ್ರಿ ಸರ. ಗಿರಗಿರ ಅನ್ನೋದು ಗೊತ್ತಾಗ್ಲಕತ್ತದ.” ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದ. ಕಸಬರಿಗೆ ಹಿಡಿದವನು ಮತ್ತೆ ಸಿಳ್ಳೆ ಹಾಕತೊಡಗಿದ್ದ.

ಪರೀಕ್ಷೆ ಬುಧವಾರಕ್ಕಿತ್ತು. ಅದರ ಹಿಂದಿನ ಭಾನುವಾರ ಬೆಳಿಗ್ಗೆ, ಅವನು ಎಸೆದ ಗುಂಡು ಇನ್ನೂ ಗಾಳಿಯಲ್ಲಿರುವಾಗ, ದೋಣಿಯಲ್ಲಿ ಹೋಗುತ್ತಿದ್ದ ಮೀನುಗಾರ ಮುದುಕನೊಬ್ಬ “ಕಾಯ್ ಮಿಳಾಲಂ ಕಾ ರೇ?” ಎಂದು ಕೂಗಿದ. ಏನಾದರೂ ಸಿಕ್ಕಿತೇನೋ ಎಂದು ಚೇಷ್ಟೆ. ಇಷ್ಟು ದಿನ ಗಾಳವೇ ಇಲ್ಲದೆ ಎಸೆಯುವ ಇವನನ್ನು ಕಂಡರೆ ಆ ಮುದುಕನಿಗೆ ನಗು. ಕ್ರೇನಣ್ಣ ಕೋಲನ್ನು ಎಡಗೈಗೆ ದಾಟಿಸಿ, ಬಲಗೈ ಎತ್ತಿ, ಏನೂ ಇಲ್ಲ ಎಂದು ಹೆಬ್ಬೆರಳು ಅಲ್ಲಾಡಿಸಿದ. ಇಬ್ಬರೂ ನಕ್ಕರು.

ನಾನು ನಗಲಿಲ್ಲ. ಗುಂಡು ಗೂಟದಿಂದ ಒಂದು ಮೊಳ ದೂರದಲ್ಲಿ ಬಿದ್ದಿತ್ತು. ಉರುಳೆ ತಾನಾಗಿ ನಿಂತಿತ್ತು. ದಾರದಲ್ಲಿ ಒಂದು ಸಿಕ್ಕೂ ಇರಲಿಲ್ಲ. ಹೆಬ್ಬೆರಳು ಮಾತ್ರ ಗಾಳಿಯಲ್ಲಿತ್ತು.

ಅವನು ಆಮೇಲೆ ಹತ್ತು ಹನ್ನೆರಡು ಸಲ ಎಸೆದ. ನಾನು ಗೂಟ ನೋಡುವುದನ್ನು ಬಿಟ್ಟು ಬೆರಳು ನೋಡಿದೆ. ಉರುಳೆಯ ಮೇಲೆ ಇರುತ್ತಿತ್ತು, ನಿಜ. ಆದರೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇಪ್ಪತ್ತಕ್ಕೂ ಹೆಚ್ಚು ದಿನ ನಾನು ಪುಸ್ತಕದಲ್ಲಿ ಬರೆದದ್ದು ಅವನ ತೋಳಿನ ಗುರಿಯನ್ನು, ಅಯಸ್ಕಾಂತದ ಹಿಡಿತವನ್ನು. ಬೆರಳಿನದು ಒಂದು ಅಂಕಿಯೂ ಅದರಲ್ಲಿರಲಿಲ್ಲ. ಬೆರಳಿಗೆ ಗೊತ್ತಾಗುತ್ತಿದೆ ಎಂದು ಅವನಂದದ್ದು ಆಸೆಯ ಮಾತು. ಆ ಆಸೆಗೆ ಮುದ್ರೆ ಒತ್ತಿದವನು ನಾನು.

ಅಂದು ಹೇಳಲಿಲ್ಲ. ಹೇಳದೆ ಇದ್ದರೆ ಅವನು ಧೈರ್ಯದಿಂದ ಪರೀಕ್ಷೆಗೆ ಹೋಗುತ್ತಾನೆ. ಧೈರ್ಯವೇ ಅರ್ಧ ಕೆಲಸ ಮಾಡುತ್ತದೆ, ಅದೃಷ್ಟವಿದ್ದರೆ ಪಾಸೂ ಆಗಬಹುದು. ಆದರೆ ಪಾಸಾದ ಮೇಲೆ? ಕ್ರೇನಿನ ಕೆಳಗೆ ದಿನಾ ಎಂಟು ಹತ್ತು ಜನ ಓಡಾಡುತ್ತಾರೆ. ನನ್ನ ಕೊಠಡಿಗೆ ಬರುವ ದಾರಿಯೂ ಅದರ ಕೆಳಗೇ ಇತ್ತು.

ಸೋಮವಾರ ಐದೂಮುಕ್ಕಾಲಕ್ಕೆ ಸೂಜಿ ತೆಗೆದುಕೊಂಡು ಹೋದೆ. ಅವನ ಕೈಯಿಂದ ರೀಲು ಇಸಿದುಕೊಂಡು ಕೆಂಪು ಹನಿಯನ್ನು ಕೆರೆದು ತೆಗೆದೆ. ಚಕ್ರವನ್ನು ಸೊನ್ನೆಗೆ ತಿರುಗಿಸಿದೆ.

“ಈಗ ಎಸೆ.”

“ಯಾಕ್ರಿ ಸರ? ಸರಿ ಇದ್ದದ್ದು...”

“ಎಸೆ ಮಾರಾಯ.”

ಎಸೆದ. ಉರುಳೆ ಗುಂಯ್ ಎಂದಿತು, ದಾರ ನೊರೆಯ ಹಾಗೆ ಉಕ್ಕಿ ಗೂಡಾಯಿತು. ಅವನು ಬಿಡಿಸಿ ಮತ್ತೆ ಎಸೆದ. ಮತ್ತೆ ಗೂಡು. ಮೂರನೆಯ ಸಲ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿಬಿಟ್ಟ. ಗುಂಡು ಕಾಲ ಬುಡಕ್ಕೇ ಕೆಸರಿನಲ್ಲಿ ಬಿತ್ತು. ಅರ್ಧ ಎನ್ನುವುದೇ ಇರಲಿಲ್ಲ. ಬೆರಳಿಗೆ ಎರಡೇ ಗೊತ್ತಿತ್ತು, ಪೂರ್ತಿ ಒತ್ತುವುದು ಮತ್ತು ಪೂರ್ತಿ ಬಿಡುವುದು.

ಅವನು ದಂಡೆಯ ಕಲ್ಲಿನ ಮೇಲೆ ಕೂತು ದಾರ ಬಿಡಿಸತೊಡಗಿದ. ತಲೆ ಎತ್ತದೆ ಕೇಳಿದ.

“ಹಂಗಾರ ಇಷ್ಟು ದಿನ ಎಸದಾಂವ ಯಾರ್ರಿ ಸರ?”

“ಬ್ರೇಕು,” ಎಂದೆ.

ಆಗ ನಾನು ಇನ್ನೊಂದು ಮಾತು ಹೇಳಬೇಕಾಗಿತ್ತು. ಹತ್ತಕ್ಕೆ ಇಟ್ಟವನು ನಾನು, ಮುಟ್ಟಬೇಡ ಎಂದವನೂ ನಾನು, ತಪ್ಪಾಯಿತು ಎಂದು. ಗಡಿಯಾರ ನೋಡಿದೆ. ಏಳಕ್ಕೆ ಐದು ನಿಮಿಷ. “ಬಸ್ಸಿನ ಹೊತ್ತಾಯಿತು,” ಎಂದೆ.

ಸಂಜೆ ಇಬ್ಬರೂ ಠಾಣೆಯ ಅಂಗಡಿಗೆ ಓಡಿದೆವು. ಜಪಾನಿನ ರೀಲು ಈಗ ನನಗೆ ಬೇರೆಯೇ ಆಗಿ ಕಾಣುತ್ತಿತ್ತು. ಹಗುರವಾದ ಉರುಳೆ, ಪೂರ್ತಿ ತೆಗೆಯಬಹುದಾದ ಬ್ರೇಕು. ಬೆರಳಿನಲ್ಲಿ ಸಾಸಿವೆಯಷ್ಟು ಜೀವವಿದ್ದರೂ ಅದನ್ನು ತೋರಿಸುವ, ಇಲ್ಲದಿದ್ದರೆ ಇಲ್ಲ ಎಂದು ಮುಖಕ್ಕೆ ಹೇಳುವ ವಸ್ತು. ಅವನಿಗೆ ಬೇಕಾಗಿದ್ದದ್ದು ಅದು, ಆ ಬೆಲೆ ಅದಕ್ಕೇ. ಇದು ನನ್ನ ಎರಡು ಕಾಲಮ್ಮಿನಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ನಾನು ದಾರವಿಲ್ಲದ ರೀಲನ್ನು ಪರೀಕ್ಷಿಸಿದ್ದೆ, ಬೆರಳಿಲ್ಲದೆ. ಅಂಗಡಿಯವನು ಖಾಲಿ ಕೈ ತೋರಿಸಿದ, ಅದು ಮಾರಿಹೋಗಿತ್ತು, ಇನ್ನೊಂದು ಬರುವುದು ಮುಂದಿನ ತಿಂಗಳು. “ವೊ ತೋ ಗಯಾ ಕಾಕಾ. ಅಗಲೇ ಮಹಿನೇ ಆಯೇಗಾ.”

ಮಂಗಳವಾರ ಅವನು ಒಬ್ಬನೇ ಖಾಡಿಗೆ ಹೋದ. ನನ್ನನ್ನು ಬರಬೇಡಿ ಎಂದ.

ಬುಧವಾರ ಹತ್ತು ಗಂಟೆಗೆ ಶೆಡ್ಡಿನಲ್ಲಿ ಮ್ಯಾನೇಜರು, ಸುರಕ್ಷತೆಯ ಅಧಿಕಾರಿ, ಯೂನಿಯನ್ನಿನವರು ನಿಂತಿದ್ದರು. ಪರೀಕ್ಷೆಯ ತೂಕ ನಮ್ಮ ಕೊಠಡಿಯದಾದ್ದರಿಂದ ನಾನೂ ಇರಲೇಬೇಕಾಗಿತ್ತು. ಅರ್ಧ ಟನ್ನಿನ ಕಬ್ಬಿಣದ ಗಟ್ಟಿ. ನೆಲದ ಮೇಲೆ ಒಂದು ಕಡ್ಡಿಪೆಟ್ಟಿಗೆ ನಿಲ್ಲಿಸಿ ಅದರ ಒಳಗೂಡನ್ನು ಅರ್ಧ ಮೇಲೆಳೆದು ಬಿಡುತ್ತಾರೆ. ಮೇಲಿನಿಂದ ಇಳಿಯುವ ಗಟ್ಟಿ ಆ ಗೂಡನ್ನು ಒಳಗೆ ತಳ್ಳಿ ಮುಚ್ಚಬೇಕು. ಪೆಟ್ಟಿಗೆ ಅಪ್ಪಚ್ಚಿಯಾಗಬಾರದು. ಕ್ರೇನಣ್ಣ ಇದನ್ನು ಹಿಂದೆ ದೀಪಾವಳಿಯ ದಿನ ಹುಡುಗಾಟಕ್ಕೆ ಮಾಡಿ ತೋರಿಸುತ್ತಿದ್ದ.

ಗಟ್ಟಿ ಎತ್ತಿದ. ಶೆಡ್ಡಿನ ಉದ್ದಕ್ಕೂ ತಂದ. ಒಂದಿಷ್ಟೂ ತೂಗಾಡಲಿಲ್ಲ. ಯೂನಿಯನ್ನಿನವರು ಆಗಲೇ ಮುಗುಳ್ನಗುತ್ತಿದ್ದರು. ಪೆಟ್ಟಿಗೆಯ ನೇರಕ್ಕೆ ನಿಲ್ಲಿಸಿ ಇಳಿಸತೊಡಗಿದ. ಆಳೆತ್ತರ. ಸೊಂಟದೆತ್ತರ. ಮೊಣಕಾಲು. ಅಲ್ಲಿಗೆ ಬಂದಾಗ ಗಟ್ಟಿ ಒಮ್ಮೆ ಧಡಕ್ಕನೆ ಕುಸಿದು ನಿಂತಿತು. ಪೆಟ್ಟಿಗೆಗೂ ಗಟ್ಟಿಗೂ ನಡುವೆ ಈಗ ಒಂದು ಗೇಣು. ಅವನು ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು ನಿಂತ. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಲಿಲ್ಲ. ಒಂದು ನಿಮಿಷ... ಹೆಚ್ಚೇ ಇರಬೇಕು. ಒತ್ತು ಎಂದು ನನ್ನ ಮನಸ್ಸು ಕೂಗುತ್ತಿತ್ತು, ಒತ್ತಬೇಡ ಎಂದೂ.

ಅವನು ಬೆರಳು ತೆಗೆದ. ಗುಂಡಿಗಳ ಪೆಟ್ಟಿಗೆಯನ್ನು ಮೆಲ್ಲಗೆ ಕೈಬಿಟ್ಟ.

“ಆಗಂಗಿಲ್ರಿ ಸಾಹೇಬ್ರ,” ಎಂದ.

“ಅರೆ, ಒಂದು ಗೇಣು ಉಳಿದಿದೆ. ಮಾಡು, ಮಾಡು,” ಎಂದರು ಮ್ಯಾನೇಜರು. ಅವರಿಗೂ ಅವನ ಮೇಲೆ ಪ್ರೀತಿಯಿತ್ತು.

“ಇಲ್ರಿ. ಕೆಳಗ ಮಂದಿ ಇರ್ತಾರ.”

ನನ್ನ ಕಡೆ ನೋಡದೆ ಹೊರಗೆ ಹೋದ.

ಗೇಟಿನ ಕುರ್ಚಿಯಲ್ಲಿ ಕೂತವನು ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹೇಳುತ್ತಿದ್ದ. ನಾನೂ ಹೇಳುತ್ತಿದ್ದೆ. ಖಾಡಿಗೆ ಜೊತೆಯಾಗಿ ಹೋಗುವುದು ನಿಂತಿತ್ತು. ಮರುವರ್ಷ ನಾನು ನಿವೃತ್ತನಾದೆ. ಅದಾದ ಕೆಲವು ತಿಂಗಳಿಗೆ ಒಂದು ಬೆಳಿಗ್ಗೆ ದಂಡೆಯ ಕಡೆ ನಡೆಯುತ್ತ ಹೋದಾಗ ಅವನು ಎಸೆಯುತ್ತ ನಿಂತಿದ್ದ. ಅದೇ ರೀಲು. ಈಗ ದಾರದ ತುದಿಗೆ ಗಾಳವಿತ್ತು, ಪಕ್ಕದ ಚೀಲದಲ್ಲಿ ಎರಡು ಮೀನು. ಅವನ ಮಣಿಕಟ್ಟು ವಿಚಿತ್ರವಾಗಿ ಓರೆಯ ಮೇಲಿತ್ತು.

“ಬರ್ರಿ ಸರ, ಬರ್ರಿ. ಇಲ್ಲಿ ನೋಡ್ರಿ,” ಎಂದು ಹೆಬ್ಬೆರಳಿನ ಬದಿಯನ್ನು, ಉಗುರಿನ ಪಕ್ಕದ ಅಂಚನ್ನು ತೋರಿಸಿದ. “ಮೆತ್ತಗಿಂದು ಸತ್ತದ. ಈ ಬದಿಗಿ ಜೀವ ಅದ. ಕೈ ಓರೆ ಮಾಡಿ ಮುಟ್ಟಿದ್ರ ಎಲ್ಲಾ ಗೊತ್ತಾಗ್ತದ. ಮೊದಲಿಂದ ಇತ್ರಿ ಅದು, ನಾನೇ ಹುಡುಕಲಿಲ್ಲ.”

ಎಸೆದು ತೋರಿಸಿದ. ಚಕ್ರ ಸೊನ್ನೆಯಲ್ಲಿತ್ತು. ಗಾಳ ನೀರಿಗೆ ತಾಗುವ ಕ್ಷಣಕ್ಕೆ ಉರುಳೆ ನಿಂತಿತು, ಹೂವಿನ ಮೇಲೆ ಕೈಯಿಟ್ಟ ಹಾಗೆ.

“ಹುಡುಕಲು ಎಷ್ಟು ದಿನ ಬೇಕಾಯಿತು?” ಎಂದು ಕೇಳಿದೆ. ಕೇಳಬಾರದಿತ್ತು.

“ಬ್ರೇಕ್ ಇಲ್ದೆ ದಿನಾ ಎಸದೆ ನೋಡ್ರಿ. ಗಂಟಾಗೋದು, ಬಿಡಿಸೋದು. ಇಪ್ಪತ್ತು ದಿನ ಆಗಿರಬೇಕ್ರಿ.”

ಅವನು ಉತ್ಸಾಹದಲ್ಲಿದ್ದ, ಲೆಕ್ಕ ಮಾಡಲಿಲ್ಲ. ಅಥವಾ ಮಾಡಿ, ನನಗಾಗಿ ಮಾಡದವನಂತೆ ಇದ್ದನೋ... ನನಗೆ ಇಂದಿಗೂ ಗೊತ್ತಿಲ್ಲ. ಪರೀಕ್ಷೆಗೆ ಇದ್ದ ಇಪ್ಪತ್ತೆಂಟು ದಿನದಲ್ಲಿ ಇಪ್ಪತ್ತು ಕಳೆದರೆ ಎಂಟು ಉಳಿಯುತ್ತದೆ. ಅಷ್ಟರಲ್ಲಿ ಕಾರ್ಖಾನೆಯ ಕ್ರೇನಿಗೆ ಬೇರೆಯವನು ಬಂದಿದ್ದ. ಎರಡನೆಯ ಪರೀಕ್ಷೆ ನಿಯಮದಲ್ಲಿರಲಿಲ್ಲ.

ಆಮೇಲೆ ಗಂಡ ಹೆಂಡತಿ ಇಬ್ಬರೂ ಐರೋಲಿಯ ಬಾಡಿಗೆ ಹೆಚ್ಚಾಯಿತೆಂದು ಕಲ್ಯಾಣದ ಆಚೆಗೆ ಹೋದರು. ಯುಗಾದಿಗೆ ಒಂದು ಫೋನು, ದಸರೆಗೆ ಒಂದು. ಆಮೇಲೆ ಒಂದೇ. ಆಮೇಲೆ ಅದೂ ಇಲ್ಲ.

ರಬಾಳೆಯಲ್ಲಿ ಇಳಿದ ಆ ದಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವನ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಅವನ ಹೆಂಡತಿ. ಅವನು ಹೋಗಿ ಎರಡು ವರ್ಷವಾಗಿತ್ತು. ಕಾಮಾಲೆ. ತಿಳಿಸಲು ನನ್ನ ನಂಬರು ಹುಡುಕಿದರಂತೆ, ಅವನ ಫೋನಿನಲ್ಲಿ ನಾನು ಬರೇ ‘ಸರ’ ಎಂದಿದ್ದೆ, ಆ ಹೆಸರಿನಲ್ಲಿ ಏಳೆಂಟು ಜನರಿದ್ದರಂತೆ.

ಆ ಗುರುವಾರ ಕಲ್ಯಾಣಕ್ಕೆ ಹೋದೆ. ಒಂದು ಕೋಣೆ, ಮೂಲೆಯಲ್ಲೊಂದು ಬಚ್ಚಲ ಮೋರಿ, ಗೋಡೆಯ ಮೇಲೆ ಹಾರ ಹಾಕಿದ ಅವನ ಫೋಟೋ. ಆಕೆಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಸ್ಟೂಲು ಒರೆಸಿ ಕೂರಿಸಿದಳು. ಚಹಾಕ್ಕೆ ನೀರಿಟ್ಟು, ಬೆನ್ನು ನನ್ನ ಕಡೆಗಿರುವಾಗಲೇ ಮಾತಾಡಿದಳು.

“ಕಡೀಕ ಕಡೀಕ ರಾತ್ರಿ ಕನಸಿನ್ಯಾಗ ಕೈ ಹಿಂಗ ಮಾಡೋರು ನೋಡ್ರಿ, ಗುಂಡಿ ಒತ್ತಿದಂಗ. ಕ್ರೇನ ಬಿಟ್ಟದ್ದು ಮನಸಿಗಿ ಹಚ್ಕೊಂಡಿದ್ರು.” ಸಕ್ಕರೆ ಹಾಕಿದಳು. “ಒಂದು ಮಾತ ಕೇಳ್ತೀನ್ರಿ ಸರ. ನೀವು ಎಲ್ಲಾ ಅಳದು ನೋಡಿ ಹೇಳೋರು ಅಂತ ಅವ್ರು ಹೇಳೋರು. ಆವಾಗ ಇನ್ನ ಸ್ವಲ್ಪ ಬ್ಯಾರೆ ಥರ ಮಾಡಿದ್ರ, ಅವರಿಗಿ ಕ್ರೇನ ಸಿಗ್ತಿತ್ತೇನ್ರಿ?”

ಆಕೆ ತಿರುಗಿ ನನ್ನ ಮುಖ ನೋಡುತ್ತಿದ್ದಳು.

“ಇಲ್ಲಮ್ಮ. ಏನು ಮಾಡಿದರೂ ಸಿಗುತ್ತಿರಲಿಲ್ಲ,” ಎಂದೆ.

“ಹಂಗಾರ ಬಿಡ್ರಿ,” ಎಂದಳು ಆಕೆ. ಅವಳ ಹೆಗಲು ಸ್ವಲ್ಪ ಸಡಿಲವಾಯಿತು. “ಹಣೀಬರ ಅಂತ ಅನ್ಕೊಳ್ಳಲಕ್ಕ ಬರ್ತದ.”

ಚಹಾ ಪೂರ್ತಿ ಕುಡಿದೆ. ಇನ್ನೊಂದು ಲೋಟ ಕೊಟ್ಟಳು, ಅದನ್ನೂ ಕುಡಿದೆ. ಹೊರಡುವಾಗ ಬಾಗಿಲವರೆಗೆ ಬಂದು, ಮತ್ತೆ ಬರ್ರಿ ಎಂದಳು.

ಮಧ್ಯಾಹ್ನದ ಹೊತ್ತು. ಕಲ್ಯಾಣದಿಂದ ಹೊರಟ ಗಾಡಿ ಖಾಲಿಯಿತ್ತು. ಠಾಣೆಯವರೆಗೂ ನಾನು ನಿಂತೇ ಬಂದೆ.